ಬೇರೆ ಯಾರೋ ನಕ್ಕ ಹಾಗೆ

೧

ಎಲ್ಲಿಂದ ಶುರು ಮಾಡುವುದು? ಇಂಥ ಕಥೆಗಳನ್ನು ಗಂಟಿನಿಂದ ಶುರು ಮಾಡುವುದು ವಾಡಿಕೆ. ಒಬ್ಬ ಹೆಂಗಸು ಸ್ನಾನ ಮಾಡುತ್ತಿರುತ್ತಾಳೆ, ಸೋಪು ಹಿಡಿದ ಕೈಗೆ ಎಡ ಎದೆಯಲ್ಲಿ ಕಾಳಿನಷ್ಟು ಏನೋ ತಾಕುತ್ತದೆ, ನಲ್ಲಿ ಸುರಿಯುತ್ತಲೇ ಇರುತ್ತದೆ, ಅವಳು ನಿಂತೇ ಇರುತ್ತಾಳೆ. ನಾನೂ ಹಾಗೇ ಬರೆದೆ. ಒಂದೂವರೆ ಪುಟ. ನೀರು ಬಹಳ ಚೆನ್ನಾಗಿ ಸುರಿಯಿತು.

ಆಮೇಲೆ ಅದನ್ನು ಅವಳಿಗೇ ಓದಿ ಹೇಳಿದೆ. (ಪಾತ್ರಕ್ಕೆ ಓದಿ ಹೇಳುವ ಕಥೆಗಾರ ಎಲ್ಲಾದರೂ ಇದ್ದಾನೆಯೇ ಎಂದು ಕೇಳಬೇಡಿ. ಇಲ್ಲಿದ್ದಾನೆ.) ಅವಳು ಕೈಯಲ್ಲಿದ್ದ ಕೆಲಸ ಬಿಡದೆ ಕೇಳಿಸಿಕೊಂಡಳು. ಗಂಟು ಕಂಡುಹಿಡಿದದ್ದು ತಾನಲ್ಲ, ಆಸ್ಪತ್ರೆಯ ಮಷೀನು. ಸ್ನಾನದ ಮನೆಯಲ್ಲಿ ಅಷ್ಟು ಹೊತ್ತು ನಿಂತುಕೊಳ್ಳುವ ಪುರುಸೊತ್ತು ತನಗೆ ಹುಟ್ಟಿದಾಗಿನಿಂದ ಸಿಕ್ಕಿಲ್ಲ ಎಂದಳು.

ಎರಡನೆಯ ಆರಂಭ ಕೂದಲಿನದು. ಬಾಚಣಿಗೆ, ದಿಂಬು, ಕನ್ನಡಿ, ಒಂದು ಹನಿ ಕಣ್ಣೀರು. ಅದನ್ನೂ ಓದಿದೆ.

"ಕೂದಲು ವಾಪಸ್ ಬಂತಲ್ಲ," ಅಂದಳು. "ಬಂದಿದ್ದಕ್ಕೆ ಯಾಕೆ ಅಳ್ತೀರಿ? ಬರದೇ ಇರೋದನ್ನ ಬರೀರಿ."

೨

ಬರದೇ ಇರುವುದು ಅವಳ ಹತ್ತು ಬೆರಳುಗಳ ತುದಿ.

ಬೆರಳುಗಳಿವೆ, ಆಡುತ್ತವೆ, ಗುಂಡಿ ಹಾಕುತ್ತವೆ, ಬೀಗ ತೆಗೆಯುತ್ತವೆ. ಆದರೆ ತುದಿಗೆ ಏನು ತಾಕಿದರೂ ನಡುವೆ ಯಾರೋ ದಪ್ಪ ಬಟ್ಟೆ ಹಿಡಿದ ಹಾಗೆ. ಕೀಮೋ ಔಷಧಿ ಒಂದೊಂದು ಸಲ ನರಗಳ ತುದಿಯನ್ನು ಹೀಗೆ ಜೋಮು ಹಿಡಿಸಿ ಹೋಗುತ್ತದಂತೆ. ಬರುತ್ತೆ, ಟೈಮ್ ಕೊಡಿ, ಎಂದರು ಡಾಕ್ಟರು. ಅವಳು ಟೈಮ್ ಕೊಟ್ಟಳು. ಒಂದೂವರೆ ವರ್ಷ ಕೊಟ್ಟಳು.

ಬೇರೆ ಯಾರಿಗಾದರೂ ಇದು ಸಣ್ಣ ವಿಷಯ. ಅವಳಿಗಲ್ಲ, ಯಾಕೆಂದರೆ ಅವಳು ಹಲ್ಲು ಮಾಡುವವಳು.

ಬಾಯಲ್ಲಿ ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟನ್ನು ಹಲ್ಲಿನ ಡಾಕ್ಟರೇ ಮಾಡುತ್ತಾರೆ ಎಂದು ನೀವು ತಿಳಿದಿದ್ದರೆ, ನಾನೂ ಹಾಗೇ ತಿಳಿದಿದ್ದೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅಷ್ಟೆ. ಅದು ಬರುವುದು ಔಷಧಿ ಅಂಗಡಿಯ ಮೇಲಿನ ಇಂಥ ಎರಡು ಕೋಣೆಯ ಲ್ಯಾಬಿಗೆ. ಕಿರಿದಾದ ಮೆಟ್ಟಿಲು, ಬಾಗಿಲಲ್ಲೇ ಪ್ಲಾಸ್ಟರ್ ಪುಡಿಯ ವಾಸನೆ, ಕಿಟಕಿಯ ಕೆಳಗೆ ಎರಡು ಮೇಜು, ಮೇಜಿಗೊಂದು ನೀಲಿ ಜ್ವಾಲೆಯ ಬರ್ನರ್. ಒಂದು ಮೇಜು ಅವಳದು, ಪಕ್ಕದ್ದು ಅವಳ ತಂಗಿಯದು. ಪ್ಲಾಸ್ಟರಿನ ವಸಡಿನ ಮೇಲೆ ಗುಲಾಬಿ ಮೇಣ ಕಟ್ಟಿ, ಆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು ಕೆಲಸ. ಮೇಣ ಬಿಸಿ ಜಾಸ್ತಿಯಾದರೆ ಹಲ್ಲು ವಾಲುತ್ತದೆ, ತಣ್ಣಗಾದರೆ ಕೂರುವುದಿಲ್ಲ. ನಡುವಿನ ಆ ಹದ ಕಣ್ಣಿಗೆ ಕಾಣುವುದಲ್ಲ, ಬೆರಳಿಗೆ ಸಿಗುವುದು. ಇಪ್ಪತ್ತಾರು ವರ್ಷ ಅವಳ ಬೆರಳಿಗೆ ಸಿಗುತ್ತಿತ್ತು. ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಅವಳನ್ನು ಮೇಣದಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಮೇಣದಕ್ಕನಿಗೆ ಒಂದು ಅಭ್ಯಾಸ. ಯಾರ ಸೆಟ್ಟು ಬಂದರೂ, ಅವರ ಹಲ್ಲು ಇದ್ದ ಕಾಲದ ಒಂದು ಫೋಟೋ ಕೊಡಿ ಎನ್ನುವಳು. ಮದುವೆಯದೋ, ಕಾಲೇಜಿನದೋ, ಸುಮ್ಮನೆ ನಕ್ಕದ್ದೋ. ಅದನ್ನು ಭೂತಗನ್ನಡಿಯ ಕೆಳಗೆ ಇಟ್ಟು ಆ ಬಾಯಿಯ ಕೊರತೆ ಹುಡುಕುವಳು. ಒಂದು ಹಲ್ಲು ಕೂದಲೆಳೆಯಷ್ಟು ಓರೆ, ಒಂದು ಪಕ್ಕದ್ದರ ಮೇಲೆ ಚೂರು ಹತ್ತಿದ್ದು. ಆ ಕೊರತೆಯನ್ನು ಹೊಸ ಸೆಟ್ಟಿನಲ್ಲಿ ಕೈಯಾರೆ ಕೂರಿಸುವಳು. ಸಾಲಾಗಿ ಜೋಡಿಸಿದ್ದು ಅಂಗಡಿಯ ಹಲ್ಲಾಗುತ್ತೆ, ಅವರ ಹಲ್ಲಾಗಲ್ಲ ಎನ್ನುವಳು. ತಂಗಿಯದು ಬೇರೆ ದಾರಿ. ಅಕ್ಕನ ಹತ್ತಿರವೇ ಕಲಿತವಳು, ಕೈ ಅಕ್ಕನಿಗಿಂತ ಚುರುಕು, ಆದರೆ ಸಾಲು ಎಂದರೆ ಸಾಲು. ಸ್ಕೇಲಿಟ್ಟ ಹಾಗೆ.

(ದೇವರು ಮನುಷ್ಯರನ್ನು ಮಾಡುವಾಗಲೂ ಹೀಗೇ ಒಂದೊಂದು ಕೊರತೆಯನ್ನು ಪ್ರೀತಿಯಿಂದ ಇಟ್ಟು ಕಳಿಸುತ್ತಾನೆ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಅವಳು ತನ್ನ ಎಡಗಡೆ ಚಪ್ಪಟೆಯಾದ ಕುಪ್ಪಸವನ್ನೊಮ್ಮೆ ನೋಡಿಕೊಂಡು, ನನ್ನನ್ನೊಮ್ಮೆ ನೋಡಿದಳು. ಸಾಲು ತೆಗೆದೆ.)

೨, ಮತ್ತೊಮ್ಮೆ

ಹೇಳುವುದು ಬಿಟ್ಟುಹೋಯಿತು. ಆಪರೇಶನ್ ಒಂದು, ಕೀಮೋ ಆರು ಸಲ, ರೇಡಿಯೇಶನ್ ಇಪ್ಪತ್ತೈದು ದಿನ. ಎಡ ಮೊಲೆ ಹೋಯಿತು. ಎಡಗೈ ಬಾತುಕೊಳ್ಳಬಾರದೆಂದು ಮಣಿಕಟ್ಟಿನಿಂದ ತೋಳಿನವರೆಗೆ ಬಿಗಿಯಾದ ಎಲಾಸ್ಟಿಕ್ ಚೀಲ. ಐದು ವರ್ಷ ದಿನಕ್ಕೊಂದು ಮಾತ್ರೆ. ಆ ಮಾತ್ರೆಯಿಂದ ಕೀಲುಗಳಲ್ಲಿ ಮುದುಕಿಯ ನೋವು, ಇದ್ದಕ್ಕಿದ್ದಂತೆ ಮೈಯೆಲ್ಲ ಬೆಂಕಿ. ಕುಪ್ಪಸದೊಳಗೆ ಇಟ್ಟುಕೊಳ್ಳಲು ಆಸ್ಪತ್ರೆಯವರು ಸಿಲಿಕೋನಿನದೊಂದು ಎದೆ ಕೊಟ್ಟರು. ಅದನ್ನವಳು ಕಿಟಕಿಯ ಬೆಳಕಿಗೆ ಹಿಡಿದು ಅಡಿಮೇಲು ಮಾಡಿ ನೋಡಿ, ಈ ಬಣ್ಣ ಯಾವ ಮನುಷ್ಯರದ್ದೂ ಅಲ್ಲ, ಇಂಥ ಬಣ್ಣದ ವಸಡು ನಾನು ಮಾಡಿ ಕಳಿಸಿದ್ದರೆ ಮುಖದ ಮೇಲೆ ಎಸೀತಿದ್ದರು ಎಂದು ಡಬ್ಬಿಗೆ ಹಾಕಿದವಳು ಮತ್ತೆ ತೆಗೆದಿಲ್ಲ.

ಹೋರಾಡಿ ಗೆದ್ದವಳು ಎಂದು ಬಂಧುಬಳಗವೆಲ್ಲ ಹೇಳಿತು. ಯಾರ ಜೊತೆ ಹೋರಾಡಿದೆ, ಕುರ್ಚಿ ಮೇಲೆ ಕೂತಿದ್ದೆ, ಅವರು ಸೂಜಿ ಚುಚ್ಚಿದರು, ನಾನು ಗಡಿಯಾರ ನೋಡಿದೆ, ಎಂದಳು ಅವಳು.

೩

ಈ ಕಥೆ ನನ್ನ ಕೈಗೆ ಬಂದದ್ದು ಹೀಗೆ. ಅವಳ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು 'ಚೆನ್ನಾಗಿ ಬದುಕುವುದು' ಎಂದೊಂದು ಕೈಪಿಡಿ ಮಾಡುತ್ತಿದ್ದಾರೆ. ಚಿಕಿತ್ಸೆಯ ನಡುವೆ ಮತ್ತು ಆಮೇಲೆ ಏನು ತಿನ್ನಬೇಕು, ಎಷ್ಟು ನಡೆಯಬೇಕು, ಹೇಗೆ ಮಲಗಬೇಕು ಎಲ್ಲ ಇದೆ. ಕೊನೆಯ ಮೂರು ಪುಟ ಖಾಲಿ. ಅಲ್ಲಿಗೆ ಒಂದು ಕಥೆ ಕೊಡಿ, ನಿಜವಾದ ಹೆಂಗಸಿನದು, ಆದರೆ ಪಾಸಿಟಿವ್ ಆಗಿರಲಿ, ಎಂದು ಕೇಳಿದರು. ಒಳ್ಳೆಯ ಹೆಂಗಸು. ಅವರ ಕೈಯ ಕೆಳಗೆ ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದಾರೆ. ಇಲ್ಲ ಎನ್ನಲಾಗಲಿಲ್ಲ.

ಮೇಣದಕ್ಕ ಇನ್ನೂ ಅಚ್ಚಾಗದ ಆ ಕೈಪಿಡಿಯ ಹೆಮ್ಮೆಯ ಶಿಷ್ಯೆಯಾಗಿದ್ದಳು. ಬೆಳಿಗ್ಗೆ ನಲವತ್ತು ನಿಮಿಷ ನಡಿಗೆ. ಗೋಡೆಗೆ ಮುಖ ಮಾಡಿ ನಿಂತು ಎಡಗೈ ಬೆರಳುಗಳನ್ನು ಒಂದೊಂದೇ ಹೆಜ್ಜೆ ಮೇಲೆ ನಡೆಸುವ ವ್ಯಾಯಾಮ. ಎಲ್ಲಿಯವರೆಗೆ ಹತ್ತಿತೋ ಅಲ್ಲಿ ಪೆನ್ಸಿಲಿನ ಗೆರೆ. ಹತ್ತಕ್ಕೆ ಕೆಲಸಕ್ಕೆ ಹೋಗಿ ಮೂರಕ್ಕೆ ಮನೆಗೆ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಅವಳ ಗಂಡ ಎಲ್ಲಕ್ಕೂ ಟೈಮ್‌ಟೇಬಲ್ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದ. ದಿನಕ್ಕೆ ಒಂದು ಸಲವಾದರೂ ಮನಸಾರೆ ನಗಿ ಎಂದಿತ್ತು ಕೈಪಿಡಿ. ಅದಕ್ಕೆ ಅವನು ಸಂಜೆ ಆರೂಕಾಲು ಎಂದು ಗೊತ್ತು ಮಾಡಿದ್ದ.

ಎಲ್ಲರೂ ಹೇಳಿದರು, ನೀನು ಚೆನ್ನಾಗಿದ್ದೀಯ. ಅವಳು ಮಾತ್ರ ಆ ಮಾತನ್ನು ನಂಬಲು ಬೇರೆಯದೇ ಒಂದು ಸಾಕ್ಷಿ ಇಟ್ಟುಕೊಂಡಿದ್ದಳು. ಕೆಲಸಕ್ಕೆ ಮರಳಿ ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಅವಳು ಮಾಡಿದ ಒಂದೇ ಒಂದು ಸೆಟ್ಟೂ ತಪ್ಪಾಗಿದೆಯೆಂದು ವಾಪಸ್ ಬಂದಿರಲಿಲ್ಲ. ಬೆರಳಿಗೆ ಏನೂ ತಿಳಿಯುತ್ತಿಲ್ಲ, ಆದರೂ ಕೈಗೆ ತಿಳಿದಿದೆ ಎಂದುಕೊಂಡಳು. ಇಪ್ಪತ್ತಾರು ವರ್ಷದ ಅಭ್ಯಾಸ ಬೆರಳಿನಲ್ಲಿ ಮಾತ್ರ ಇರುತ್ತದೆಯೇ? ಮೈಯಲ್ಲಿ ಏನು ಹೋದರೂ ಇದೊಂದು ಹೋಗಲಿಲ್ಲ. ಬದುಕಿದ್ದೇನೆ ಅನ್ನುವುದಕ್ಕೆ ಇದೇ ಗುರುತು.

ಒಂದು ಮಾತು ಅವಳಿಗೆ ಹೊಳೆಯಬೇಕಿತ್ತು. ಕಾಯಿಲೆಗೆ ಮುಂಚೆ, ಬೆರಳು ನೆಟ್ಟಗಿದ್ದಾಗಲೂ, ಇಪ್ಪತ್ತರಲ್ಲಿ ಒಂದು ವಾಪಸ್ ಬರುತ್ತಿತ್ತು. ಬಾಯಿ ಅಂದಮೇಲೆ ಹಾಗೇ. ಈಗ ಒಂದೂ ಬರುತ್ತಿಲ್ಲ. ದೇವರು ಕಣ್ಣು ಬಿಟ್ಟಿದ್ದಾನೆ ಎಂದ ಗಂಡ. ಹೌದೇನೋ ಎಂದುಕೊಂಡಳು. ನಾನಂತೂ ಕಣ್ಣು ಮುಚ್ಚಿ ನಂಬಿ, ಅಲ್ಲಿಗೇ ಕಥೆ ಮುಗಿಸಿ, ಮೂರು ಪುಟ ನೀಟಾಗಿ ಮಡಚಿ ನರ್ಸಮ್ಮನಿಗೆ ಕೊಡಲು ಹೊರಟಿದ್ದೆ.

೫

(ನಾಲ್ಕು ಎಂದರೆ ಆ ಮುಗಿಸಿದ ಕಥೆ. ಹರಿದು ಹಾಕಿದ್ದೇನೆ.)

ಹೊರಟ ದಿನವೇ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಗಣಿತದ ಮೇಷ್ಟ್ರು. ಸಾಮಾನ್ಯವಾಗಿ ಹಲ್ಲು ಹಾಕಿಸಿಕೊಂಡವರು ಲ್ಯಾಬಿಗೆ ಬರುವುದಿಲ್ಲ, ಡಾಕ್ಟರ ಹತ್ತಿರ ಹೋಗುತ್ತಾರೆ. ಆದರೆ ಇವರ ಮೇಲಿನ ಸೆಟ್ಟು ಕೈತೊಳೆಯುವ ಬೇಸಿನ್ನಿಗೆ ಬಿದ್ದು ಎರಡು ಹೋಳಾಗಿತ್ತು, ಅವರ ಹಲ್ಲಿನ ಡಾಕ್ಟರಮ್ಮ ಊರಲ್ಲಿರಲಿಲ್ಲ, ಕರ್ಚೀಫಿನಲ್ಲಿ ಸುತ್ತಿಕೊಂಡು ನೇರ ಬಂದಿದ್ದರು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರು. ತಂಗಿ ಆಗ ಪ್ಲಾಸ್ಟರ್ ತರಲು ಹೊರಗೆ ಹೋಗಿದ್ದಳು.

ಮೇಣದಕ್ಕ ಹೋಳುಗಳನ್ನು ಜೋಡಿಸಿ ಹಿಡಿದಳು. ಒಳಗೆ ಕೆರೆದ ನಂಬರು ಅವಳದೇ. ಮೇಷ್ಟ್ರ ಫೋಟೋ ಕೂಡ ಚೆನ್ನಾಗಿ ನೆನಪಿತ್ತು. ಮದುವೆಯ ಫೋಟೋ, ಮೇಲೆ ಎಡಗಡೆಯ ಎರಡನೆಯ ಹಲ್ಲು ಪಕ್ಕದ್ದರ ಹೆಗಲ ಮೇಲೆ ಕೈ ಹಾಕಿದ ಹಾಗೆ ಇತ್ತು. ಅದನ್ನು ಹಾಗೇ ಕೂರಿಸಲು ಅರ್ಧ ದಿನ ಹಿಡಿದಿದ್ದು ನೆನಪಿತ್ತು.

ಕೈಯಲ್ಲಿದ್ದ ಸೆಟ್ಟಿನಲ್ಲಿ ಹಲ್ಲುಗಳು ಡ್ರಿಲ್ ಕ್ಲಾಸಿಗೆ ನಿಂತ ಹಾಗೆ ನಿಂತಿದ್ದವು. ಎಲ್ಲಾ ನೇರ.

ಒಡೆಯುವುದಕ್ಕೆ ಮುಂಚೆ ಹೇಗಿತ್ತು ಮೇಷ್ಟ್ರೇ, ಎಂದು ಕೇಳಿದಳು. ಅವರು ಸಂಕೋಚದ ಮನುಷ್ಯ. ಮೇಲಿನ ಹಲ್ಲು ಕೆಳಗಿನದಕ್ಕೆ ಕೂರುತ್ತದೆ, ಕಚ್ಚು ಸರಿಯಾಗಿದೆ, ನೋವಿಲ್ಲ, ದೂರೇನೂ ಇಲ್ಲ ಎಂದೆಲ್ಲ ಹೇಳಿದಮೇಲೆ ನಿಧಾನಕ್ಕೆ ಬಾಯಿಬಿಟ್ಟರು.

"ಮನೆಯವಳು ಮಾತ್ರ ನಗಬೇಡಿ ಅಂತಾಳೆ ತಾಯಿ. ನೀವು ನಕ್ಕರೆ ಬೇರೆ ಯಾರೋ ನಕ್ಕ ಹಾಗಿರುತ್ತೆ ಅಂತ."

ಹೂಂ ಎನ್ನುತ್ತಿದ್ದೀರಿ ತಾನೆ? ನಮ್ಮ ಕಡೆ ಕಥೆ ಹೇಳುವಾಗ ಒಬ್ಬರಾದರೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವನು ಅಲ್ಲೇ ನಿಲ್ಲುತ್ತಾನೆ. ಮುಂದಿನದಕ್ಕೆ ನನಗೆ ನಿಮ್ಮ ಹೂಂ ಬೇಕು.

೬

ಅವತ್ತು ಅವಳು ತಂಗಿಗೆ ಏನೂ ಹೇಳಲಿಲ್ಲ. ಮೂರಕ್ಕೆ ಎಂದಿನಂತೆ ಮೇಜು ಒರೆಸಿ, ಆ ದಿನ ಮಾಡಿದ ಮೇಣದ ಸೆಟ್ಟನ್ನು ತಟ್ಟೆಯಲ್ಲಿಟ್ಟು ಮುಚ್ಚಿ, ಬರ್ತೀನಿ ಕಣೇ ಎಂದು ಮೆಟ್ಟಿಲಿಳಿದಳು. ಬಸ್ ಸ್ಟಾಪಿನವರೆಗೆ ಹೋದಳು. ಬಸ್ಸು ಬಂತು. ಹೋಯಿತು. ಮೂರೂವರೆಗೆ ಮತ್ತೆ ಮೆಟ್ಟಿಲು ಹತ್ತಿದಳು.

ತಂಗಿಯ ಮೇಜಿನ ಮೇಲೆ ಅವಳ ತಟ್ಟೆ ಇತ್ತು. ತಂಗಿ ಅವಳ ಮೇಣವನ್ನು ಬರ್ನರಿಗೆ ಹಿಡಿದು ಮೆತ್ತಗೆ ಮಾಡಿ, ಅವಳು ಬೆಳಿಗ್ಗೆಯಿಂದ ಕೂತು ಕೂರಿಸಿದ ಹಲ್ಲುಗಳನ್ನು ಒಂದೊಂದೇ ಚಿಮುಟದಿಂದ ಕಿತ್ತು ಸಾಲಾಗಿ ಬಟ್ಟಲಿಗೆ ಹಾಕುತ್ತಿದ್ದಳು. ಅಭ್ಯಾಸವಾದ ಕೈ. ನೋಡದೆಯೇ ಕೀಳುತ್ತಿತ್ತು.

"ಎಷ್ಟು?" ಅಂದಳು ಅಕ್ಕ ಬಾಗಿಲಲ್ಲೇ ನಿಂತು.

ತಂಗಿ ಬರ್ನರ್ ಆರಿಸಿದಳು. ಚಿಮುಟ ಕೆಳಗಿಟ್ಟು, "ಎಲ್ಲಾ," ಅಂದಳು.

ವಿಷಯ ಒಂದೊಂದೇ ಹೊರಬಂತು. ಮೊದಲ ತಿಂಗಳು ಕಳಿಸಿದ ಎಂಟರಲ್ಲಿ ಐದು ವಾಪಸ್ ಬಂದಿದ್ದವು. ಹಲ್ಲಿನ ಡಾಕ್ಟರಮ್ಮ ಫೋನ್ ಮಾಡಿದ್ದು ತಂಗಿಗೆ, ಅವಳಿಗಲ್ಲ. ತಂಗಿ ಹೋಗಿ ಕೇಳಿದ್ದು ಭಾವನನ್ನು. ಅವಳ ಮನಸ್ಸು ನೋಯಿಸಬೇಡಮ್ಮ, ಈಗ ತಾನೇ ಎದ್ದು ಓಡಾಡ್ತಿದ್ದಾಳೆ ಎಂದಿದ್ದ ಅವನು. ಅವತ್ತಿನಿಂದ, ಅವಳು ಮೂರಕ್ಕೆ ಇಳಿದುಹೋದಮೇಲೆ, ತಂಗಿ ಅವಳ ಪ್ರತಿಯೊಂದು ಸೆಟ್ಟನ್ನೂ ಬಿಚ್ಚಿ ಹೊಸದಾಗಿ ಕೂರಿಸಿ ಕಳಿಸಿದ್ದಳು. ಮೇಣ ತೆಗೆದು ಗಟ್ಟಿ ವಸಡು ಎರೆಯುವ ಮುಂದಿನ ಕೆಲಸ ಬಿಸಿಯದ್ದು, ನಿನಗೆ ಬೇಡ ಎಂದು ಮೊದಲೇ ತಪ್ಪಿಸಿದ್ದರಿಂದ, ಮುಗಿದ ಸೆಟ್ಟು ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಎಲ್ಲಾ ಸರಿಯಾಗಿ ಯೋಚಿಸಿದ್ದಳು ತಂಗಿ. ಡ್ರಾಯರಿನಲ್ಲಿದ್ದ ಫೋಟೋಗಳನ್ನು ತೆಗೆದು ನೋಡಬೇಕೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ನೀನು ವಾಪಸ್ ಬಂದೆಯಲ್ಲ ಅಕ್ಕ. ನಮಗೆ ಅಷ್ಟೇ ಸಾಕಾಗಿತ್ತು."

"ನಿಮಗೆ ಸಾಕಾಗಿತ್ತು."

"ಹೇಳಿದ್ದರೆ ಏನು ಮಾಡ್ತಿದ್ದೆ? ಮನೇಲಿ ಕೂತು ಗೋಡೆ ನೋಡ್ತಿದ್ದೆ. ನನ್ನ ಕೆಲಸ ನಾನು ಮಾಡ್ಕೊಂಡು, ಆಮೇಲೆ ನಿನ್ನದೂ ಮಾಡ್ದೆ. ಎಂಟು ತಿಂಗಳು. ನನ್ನ ಬೆನ್ನು ಏನಾಗಿದೆ ಅಂತ ಕೇಳಿದ್ದೀಯಾ ನೀನು?"

ಇದು ನಿಜವಾದ ಮಾತು. ಅಕ್ಕನಿಗೂ ಗೊತ್ತಾಯಿತು. ಗೊತ್ತಾದದ್ದರಿಂದ ಇನ್ನಷ್ಟು ಉರಿಯಿತು.

"ಬದುಕಿರೋರಿಗೆ ತಪ್ಪು ತೋರಿಸ್ತಾರೆ ಕಣೇ," ಅಂದಳು. "ಎಲ್ಲಾ ಚೆನ್ನಾಗಿತ್ತು, ಎಲ್ಲಾ ಚೆನ್ನಾಗಿತ್ತು ಅನ್ನೋದು ಸತ್ತೋರ ಬಗ್ಗೆ."

ತಂಗಿ ಬಟ್ಟಲಿನಲ್ಲಿದ್ದ ಹಲ್ಲುಗಳನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತ, ನಿನ್ನ ಥರ ಕೂರಿಸೋಕೆ ನೋಡಿದೆ, ಬರಲಿಲ್ಲ, ಎಂದು ತನಗೇ ಹೇಳಿಕೊಂಡಳು. ಅಕ್ಕ ಮೌನವಾಗಿ ಮೆಟ್ಟಿಲಿಳಿದಳು.

ಕೆಲವು ಅಂತ್ಯಗಳು

ಇಲ್ಲಿಗೆ ನಾನು ಸಿಕ್ಕಿಕೊಂಡೆ. ಕೈಪಿಡಿಗೆ ಕೊಡಬೇಕಾದ ತಾರೀಖು ಹತ್ತಿರ ಬಂದಿತ್ತು. ಮೂರು ಅಂತ್ಯ ಬರೆದು ತೆಗೆದುಕೊಂಡು ಹೋದೆ.

ಮೊದಲನೆಯದು, ನರ್ಸಮ್ಮನಿಗೆ ಒಪ್ಪಿಗೆಯಾಗುವಂಥದ್ದು. ಒಂದು ಬೆಳಿಗ್ಗೆ ಮೇಣ ಮುಟ್ಟಿದಾಗ ಬಲಗೈ ತೋರುಬೆರಳಿನ ತುದಿಯಲ್ಲಿ ಸಣ್ಣಗೆ ಬಿಸಿ ತಿಳಿಯುತ್ತದೆ. ದೇವರು ದೊಡ್ಡವನು.

"ಆದ ದಿನ ಫೋನ್ ಮಾಡ್ತೀನಿ. ಅಲ್ಲೀವರೆಗೆ ಸುಮ್ಮನಿರಿ," ಅಂದಳು.

ಎರಡನೆಯದರಲ್ಲಿ ಅವಳು ಮೇಜನ್ನು ತಂಗಿಗೆ ಬಿಟ್ಟುಕೊಟ್ಟು, ಆಸ್ಪತ್ರೆಯಲ್ಲಿ ಹೊಸದಾಗಿ ಬಂದ ಹೆಂಗಸರ ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತಾಳೆ. ಅವರು ಅವಳನ್ನು ನೋಡಿ ನಗುತ್ತಾರೆ, ಅವಳೂ ನಗುತ್ತಾಳೆ. ಇದಕ್ಕೆ ಅವಳು, ಹಲ್ಲು ಮಾಡೋ ಕೆಲಸದಿಂದ ಬಿಡಿಸಿ ಹಲ್ಲು ತೋರಿಸೋ ಕೆಲಸಕ್ಕೆ ಸೇರಿಸ್ತಿದ್ದೀರಾ ಎಂದು ಕೇಳಿದಳು.

ಮೂರನೆಯದನ್ನು ಓದಲು ನನಗೇ ಅಳುಕು. ಕಾಯಿಲೆ ಮರಳುತ್ತದೆ. ಖಾಲಿ ಮೇಜಿನ ಮುಂದೆ ತಂಗಿ ಕೂತಿರುತ್ತಾಳೆ.

"ಇದನ್ನ ನಾನೇ ಬರೀತೀನಿ," ಅಂದಳು. "ಆರು ತಿಂಗಳಿಗೊಂದು ಸ್ಕ್ಯಾನ್ ಇರುತ್ತೆ ನೋಡಿ, ಅದರ ಹಿಂದಿನ ವಾರ ಪೂರ್ತಿ ಬರೀತೀನಿ. ನಿಮ್ಮದು ನನ್ನದರ ಅರ್ಧದಷ್ಟೂ ಚೆನ್ನಾಗಿಲ್ಲ."

ಆಮೇಲೆ ನನ್ನ ಕೈಯಲ್ಲಿದ್ದ ಎಲ್ಲ ಹಾಳೆಗಳನ್ನೂ ತೆಗೆದುಕೊಂಡಳು. ಮೊದಲಿನಿಂದ, ಒಂದೊಂದು ಸಾಲೂ ಬಿಡದೆ ಓದಿದಳು. ಓದಿ, "ನೀವೂ ಅದನ್ನೇ ಮಾಡಿದ್ದೀರಿ," ಅಂದಳು.

ಏನನ್ನು ಎಂದು ಕೇಳಬೇಕಾಗಿರಲಿಲ್ಲ.

ಒಪ್ಪಿಕೊಳ್ಳುತ್ತೇನೆ

ಆರನೆಯ ಭಾಗದ ಕೊನೆಯಲ್ಲಿ "ಅಕ್ಕ ಮೌನವಾಗಿ ಮೆಟ್ಟಿಲಿಳಿದಳು" ಎಂದು ಬರೆದಿದ್ದೇನೆ. ಮೌನವಾಗಿ ಇಳಿಯಲಿಲ್ಲ. ತಂಗಿಯ ಮೇಜಿನಿಂದ ಯಾರದೋ ಬಾಯಿಯ ಪ್ಲಾಸ್ಟರ್ ಅಚ್ಚು ಎತ್ತಿ ಗೋಡೆಗೆ ಎಸೆದಳು. ಒಂದು ಚೂರು ಸಿಡಿದು ತಂಗಿಯ ಹುಬ್ಬಿಗೆ ತಾಗಿ ರಕ್ತ ಬಂತು. ಅಕ್ಕ ಅದನ್ನು ನೋಡಿದಳು. ನೋಡಿಯೂ ಇಳಿದು ಹೋದಳು.

ಗಂಡನ ಜೊತೆ ಹತ್ತೊಂಬತ್ತು ದಿನ ಮಾತಾಡಲಿಲ್ಲ. ಫ್ರಿಜ್ಜಿನ ಮೇಲಿನ ಟೈಮ್‌ಟೇಬಲ್ ಹರಿಯಲಿಲ್ಲ, ಸಂಜೆ ಆರೂಕಾಲಕ್ಕೆ ಅವನೆದುರು ಕುರ್ಚಿ ಹಾಕಿ ಕೂತು ಗಟ್ಟಿಯಾಗಿ ನಕ್ಕಳು. ಮೂರು ದಿನ. ನಾಲ್ಕನೆಯ ದಿನ ಅವನೇ ಹರಿದ. ಇದನ್ನೂ ನಾನು ಬಿಟ್ಟಿದ್ದೆ.

ಇನ್ನೂ ಒಂದಿದೆ. ಕೀಮೋ ಹಾಕುವಾಗ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹೆಂಗಸು ಇವಳಿಗೆ ಉಣ್ಣೆಯ ಟೋಪಿ ಹೆಣೆದುಕೊಟ್ಟಿದ್ದಳು. ಆ ಹೆಂಗಸು ತೀರಿಕೊಂಡ ಸುದ್ದಿ ಬಂದಾಗ ಇವಳಿಗೆ ಮೊದಲು ಬಂದದ್ದು ದುಃಖವಲ್ಲ, ಸಮಾಧಾನ: ನಾನಲ್ಲ. ಇದನ್ನವಳು ನನಗೆ ಮೊದಲ ದಿನವೇ ಹೇಳಿದ್ದಳು. ಇದು ಬೇಡಮ್ಮ, ಓದುವವರಿಗೆ ನಿಮ್ಮ ಮೇಲಿನ ಪ್ರೀತಿ ಹೋಗುತ್ತೆ ಎಂದು ನಾನೇ ಕಿತ್ತು ಬಟ್ಟಲಿಗೆ ಹಾಕಿದ್ದೆ.

ನನ್ನದು ಪ್ರಾರ್ಥನೆ ಮುಗಿಸಿ ಬರೆಯಲು ಕೂರುವ ಜೀವ. ಯಾರಿಗೂ ನೋವಾಗದ ಹಾಗೆ ಹೇಳುವುದೇ ಪುಣ್ಯ ಎಂದು ನಂಬಿ ಬೆಳೆದವನು. ದೇವರ ಮೇಲೂ ಸಿಟ್ಟಿದೆಯೇ ಎಂದು ಆ ದಿನ ಅವಳನ್ನು ಕೇಳಿದೆ.

"ಅವನ ಮೇಲೆ ಇಲ್ಲ," ಅಂದಳು. "ಅವನೊಬ್ಬನೇ ನನ್ನ ಬೆನ್ನ ಹಿಂದೆ ಏನೂ ಮಾಡಲಿಲ್ಲ. ಮಾಡಿದ್ದನ್ನ ಎದುರಿಗೇ ಮಾಡಿದ."

ಆ ರಾತ್ರಿ ನನಗೆ ಪ್ರಾರ್ಥನೆಯ ಮಾತುಗಳು ಬಾಯಿಗೆ ಬರಲಿಲ್ಲ. ಇರಲಿ, ಅದು ಈ ಕಥೆಯ ಭಾಗವಲ್ಲ.

೭

ಇಪ್ಪತ್ತನೆಯ ದಿನ ಮೇಣದಕ್ಕ ಲ್ಯಾಬಿಗೆ ಬಂದು ತನ್ನ ಮೇಜಿನ ಮುಂದೆ ಕೂತಳು. ತಂಗಿಯ ಹುಬ್ಬಿನ ಗಾಯ ಒಣಗಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಅಕ್ಕ ಹಲ್ಲಿನ ಡಾಕ್ಟರಮ್ಮನಿಗೆ ತಾನೇ ಫೋನ್ ಮಾಡಿದಳು. ಮೇಷ್ಟ್ರ ಸೆಟ್ಟನ್ನು ಅಂಟಿಸುವುದಿಲ್ಲ, ಹೊಸದಾಗಿ ಮಾಡುತ್ತೇನೆ, ನಾನು ಮಾತ್ರ. ಮೇಣದಲ್ಲಿ ಮಾಡಿ ಕಳಿಸುತ್ತೇನೆ, ಬಾಯಿಗಿಟ್ಟು ನೋಡಿ, ತಪ್ಪಿದ್ದರೆ ಏನು ತಪ್ಪು ಅಂತ ಚೀಟಿಯಲ್ಲಿ ಬರೆದು ನನ್ನ ಹೆಸರಿಗೆ ಕಳಿಸಿ ಎಂದಳು.

ಡಾಕ್ಟರಮ್ಮ ನಯವಾಗಿ ತಪ್ಪಿಸಿಕೊಳ್ಳಲು ನೋಡಿದರು. ನೀವು ಇಷ್ಟು ಅನುಭವಿಸಿದ್ದೀರಿ, ಯಾಕೆ ಸುಮ್ಮನೆ ಎಂದರು. ಇವಳು ಬಿಡಲಿಲ್ಲ. ಕಡೆಗೆ ಅವರ ದನಿ ಬದಲಾಯಿತು. ವ್ಯವಹಾರದ ದನಿ ಬಂತು.

"ಮೂರು ಸಲ ನೋಡ್ತೀನಿ ಮೇಣದಕ್ಕ. ಮೂರನೇದೂ ಸರಿ ಬರದಿದ್ದರೆ ನಿಮ್ಮ ತಂಗಿ ಮಾಡಲಿ. ಆಮೇಲೆ ನೀವು ಮೇಜು ಬಿಟ್ಟುಬಿಡಬೇಕು."

"ಬಿಡ್ತೀನಿ," ಅಂದಳು.

ಬೆರಳಿಗೆ ತಿಳಿಯದ್ದನ್ನು ಕಣ್ಣಿಂದ ಕಲಿಯಲು ಕೂತಳು. ಮೇಣ ಹದಕ್ಕೆ ಬರುವಾಗ ಅದರ ಹೊಳಪು ಒಂದು ಕ್ಷಣ ಮಂಕಾಗುತ್ತದೆ. ಇಪ್ಪತ್ತಾರು ವರ್ಷ ನೋಡುವ ಅಗತ್ಯ ಬೀಳದ ಆ ಮಂಕನ್ನು ಈಗ ಕಾದು ನೋಡಿದಳು. ಮೇಲಿನ ಹಲ್ಲು ಕೆಳಗಿನದಕ್ಕೆ ತಾಕಿದೆಯೇ ಎಂದು ನಡುವೆ ತೆಳ್ಳನೆ ಕಾಗದದ ಪಟ್ಟಿ ಇಟ್ಟು ಎಳೆದಳು. ಬಂದರೆ ತಾಕಿಲ್ಲ, ಹರಿದರೆ ತಾಕಿದೆ. ಒಂದು ದಿನದ ಕೆಲಸಕ್ಕೆ ಐದು ದಿನ ಹಿಡಿಯಿತು. ಬರ್ನರಿಗೆ ಬೆರಳು ಸುಟ್ಟದ್ದು ಅವಳಿಗೆ ವಾಸನೆಯಿಂದ ಗೊತ್ತಾಗುತ್ತಿತ್ತು. ಪಕ್ಕದ ಮೇಜಿನಲ್ಲಿ ತಂಗಿ ತನ್ನ ಕೆಲಸ ಮಾಡುತ್ತ, ಒಂದು ಸಲವೂ ಈ ಕಡೆ ತಿರುಗದೆ ಕೂತಿದ್ದಳು. ತಿರುಗದೆ ಇರುವುದು ಬೆನ್ನಿಗೆ ಎಂಟು ತಿಂಗಳ ಕೆಲಸಕ್ಕಿಂತ ಭಾರವಾಗಿತ್ತು ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಮೊದಲ ಚೀಟಿ: ಕಚ್ಚು ಎತ್ತರ. ಬಾಯಿ ಮುಚ್ಚುತ್ತಿಲ್ಲ. ಬಲಗಡೆ ಎರಡು ಹಲ್ಲು ಹೊರಗೆ ಬಂದಿವೆ. ಮತ್ತೆ ಮಾಡಿ.

ಮೇಣದಕ್ಕ ಅದನ್ನು ಮೂರು ಸಲ ಓದಿದಳು. ಆಸ್ಪತ್ರೆಯ ರಿಪೋರ್ಟುಗಳನ್ನು ಬಿಟ್ಟರೆ ಇಷ್ಟು ದಿನದಲ್ಲಿ ಯಾರೂ ಅವಳಿಗೆ ಹೀಗೆ ಬರೆದಿರಲಿಲ್ಲ. ನಗಲೂ ಇಲ್ಲ, ಅಳಲೂ ಇಲ್ಲ, ಮೇಣ ಕಾಯಿಸಿದಳು.

ಎರಡನೆಯ ಚೀಟಿ: ಕಚ್ಚು ಸರಿ. ಸಾಲು ಒಟ್ಟಾರೆ ಬಲಕ್ಕೆ ವಾಲಿದೆ, ಮುಖ ಸೊಟ್ಟ ಕಾಣುತ್ತದೆ. ಫೋಟೋದ ಹಲ್ಲು ಚೆನ್ನಾಗಿ ಕೂತಿದೆ. ಇನ್ನೊಂದ್ಸಲ ನೋಡಿ.

ಆ ಮಧ್ಯಾಹ್ನವೇ ಮೇಷ್ಟ್ರು ಫೋನ್ ಮಾಡಿದರು. ಮೆತ್ತಗಿನದ್ದನ್ನೇ ತಿಂದು ನಾಲಿಗೆ ಜಡ್ಡುಗಟ್ಟಿದೆ, ಯಾವಾಗ ಸಿಗಬಹುದು ತಾಯಿ ಎಂದರು. ಗೊತ್ತಿಲ್ಲ ಮೇಷ್ಟ್ರೇ, ಕೆಟ್ಟಿದೆ, ಮತ್ತೆ ಮಾಡುತ್ತಿದ್ದೇನೆ ಎಂದಳು. ಅವರು, ಹಾಗಾದರೆ ಕಾಯ್ತೀನಿ ಎಂದರು. ನಿಮ್ಮ ಮನೆಯವರು ಏನಂತಾರೆ ಎಂದು ಇವಳು ಕೇಳಿದ್ದಕ್ಕೆ, ಈಗ ಹಲ್ಲೇ ಇಲ್ಲವಲ್ಲ, ನಾನೇ ನಕ್ಕ ಹಾಗಿದೆಯಂತೆ ಎಂದರು.

ಮೂರನೆಯ ಸಲಕ್ಕೆ ಎಂಟು ದಿನ. ಸೆಟ್ಟು ಹೋಯಿತು.

೮

ಚೀಟಿ ಬಂದಿದೆ.

ನಾಲ್ಕಾಗಿ ಮಡಚಿದೆ. ಮೇಲೆ ಅವಳ ಹೆಸರಿದೆ. ಬಾಗಿಲಲ್ಲಿ ಇಸಕೊಂಡವಳು ತಂಗಿ. ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತಳು, ಆಮೇಲೆ ಅಕ್ಕನ ಮೇಜಿನ ಮೇಲೆ ಬರ್ನರಿಗೆ ತಾಗದ ಹಾಗೆ ಇಟ್ಟು, ಹೋಗಿ ತನ್ನ ಜಾಗದಲ್ಲಿ ಕೂತಳು. ಮೇಣದಕ್ಕ ಒಳಗಿನ ಕೋಣೆಯಲ್ಲಿ ಕೈ ತೊಳೆಯುತ್ತಿದ್ದಾಳೆ. ಎಲಾಸ್ಟಿಕ್ ಚೀಲ ಒದ್ದೆಯಾಗದಂತೆ ಮೊದಲು ಅದನ್ನು ಬಿಚ್ಚಬೇಕು, ತೊಳೆದು ಒರೆಸಿದಮೇಲೆ ಮತ್ತೆ ಬಿಗಿಯಾಗಿ ಏರಿಸಬೇಕು, ಅದಕ್ಕೆ ಅವಳಿಗೆ ಹೊತ್ತು ಹಿಡಿಯುತ್ತದೆ.

ಕಥೆ ಹೇಳುವವನಿಗೆ ಮಡಚಿದ ಕಾಗದದ ಒಳಗೂ ಕಾಣುತ್ತದೆ. ಯಾವ ಗೋಡೆಯೂ ಅವನಿಗೆ ಅಡ್ಡವಲ್ಲ. ಅಜ್ಜಿಯರ ಕಾಲದಿಂದ ನಡೆದುಬಂದ ಸಲಿಗೆ ಅದು. ಇಣುಕಿದರೆ ಸಾಕು. ಒಳಗಿರುವುದು ಒಪ್ಪಿಗೆಯಾಗದಿದ್ದರೆ ಒಂದೆರಡು ಅಕ್ಷರ ಬದಲಿಸಲೂ ನನಗೆ ಬರುತ್ತದೆ, ಗೊತ್ತೇ ಆಗದಷ್ಟು ನಯವಾಗಿ.

ನಿಮಗೂ ತಿಳಿಯುವ ಆಸೆ. ಸರಿಯಿದೆ ಎಂದಿರಲಿ ಎಂದು ಮನಸ್ಸಿನಲ್ಲೇ ಬರೆದೂ ಬಿಟ್ಟಿದ್ದೀರಿ, ನನಗೆ ಗೊತ್ತು. ಒಳ್ಳೆಯ ಜನ ನೀವು.

ನಲ್ಲಿ ನಿಂತಿತು. ಅವಳು ಬರುತ್ತಿದ್ದಾಳೆ. ಅದು ಅವಳಿಗೆ ಬಂದ ಚೀಟಿ, ಇನ್ನೂ ತೆರೆದಿಲ್ಲ. ನಾನು ಹಿಂದೆ ಸರಿದೆ. ನೀವೂ ಕೈ ತೆಗೆಯಿರಿ.